ಒಂದ ತೂತಿನ ಮಶೀನು

ಸುನಂದಾ ಲ್ಯಾಪ್‌ಟಾಪನ್ನು ಮೊದಲು ಬಲಗಡೆಯಿಂದ ನೋಡಿದಳು, ಆಮೇಲೆ ಎಡಗಡೆಯಿಂದ. ಬಗ್ಗಿ ಹಿಂಬದಿಯನ್ನೂ ನೋಡಿದಳು. ಸಂತೆಯಲ್ಲಿ ಎಮ್ಮೆ ಕೊಳ್ಳುವವರ ಹಾಗೆ ಟೇಬಲ್ಲಿಗೆ ಒಂದು ಸುತ್ತು ಹಾಕಿ ಬಂದು, ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು, "ಇನ್ನೊಂದು ತೂತು ಎಲ್ಲೈತ್ರಿ ಮೇಡಮ್ಮಾರ?" ಎಂದು ಕೇಳಿದಳು.

"ಇನ್ನೊಂದಿಲ್ಲರಿ ಅಕ್ಕಾರ. ಇದಕ್ಕ ಇರೂದ ಒಂದು," ಎಂದಳು ಸುಮೇಧಾ. ಮಕ್ಕಳ ಕಿವಿಯ ಮಶೀನು ಸರಿಮಾಡಲು ವಿಜಯಪುರದಿಂದ ಹೊಸದಾಗಿ ಬರತೊಡಗಿದ್ದ ಹುಡುಗಿ ಅವಳು. ಲ್ಯಾಪ್‌ಟಾಪೂ ಅವಳಷ್ಟೇ ಹೊಸದು, ಅವಳಷ್ಟೇ ತೆಳ್ಳಗೆ. ಬೆಳ್ಳಿಯ ತಗಡಿನ ಹಾಗೆ ಟೇಬಲ್ಲಿನ ಮೇಲೆ ಹೊಳೆಯುತ್ತಿತ್ತು.

"ಮತ್ತ ಚಾರ್ಜರ್ ಎಲ್ಲಿ ಹಚ್ಚತೀರಿ?"

"ಇದರಾಗ."

"ನಮ್ಮ ನೀಲಾನ ವಾಯರ?"

"ಅದೂ ಇದರಾಗ. ನೋಡ್ರಿ, ಈ ಸಣ್ಣ ಡಬ್ಬಿ ಅದಲ್ಲ, ಇದನ್ನ ಆ ತೂತಿಗೆ ಸಿಗಿಸಿದ್ರ ಆತು. ಉಳದದ್ದೆಲ್ಲಾ ಈ ಡಬ್ಬಿಗೆ ಹಚ್ಚೂದು. ಕರೆಂಟೂ ಇದರಾಗಿಂದನ, ಕೂಸಿನ ವಾಯರೂ ಇದರಾಗಿಂದನ. ಈಗಿನ ತೆಳ್ಳನ ಲ್ಯಾಪ್‌ಟಾಪ್ ಎಲ್ಲಾ ಹಿಂಗ ಬರ್ತಾವ. ಮೊದಲ ನಾಕು ನಮೂನಿ ತೂತು ಇರ್ತಿದ್ದು, ಈಗ ಎಲ್ಲಾ ಕೂಡಿಸಿ ಒಂದ ಮಾಡ್ಯಾರ."

ಸುಮೇಧಾ ಹೇಳಿದ್ದು ಖರೆಯೇ. ಆದರೆ ಖರೆ ಮಾತು ಕೇಳಿದ ಮಾತ್ರಕ್ಕೆ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆಯೇ? ಎಲ್ಲಾ ಕೂಡಿಸಿ ಒಂದ ಮಾಡ್ಯಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಸುನಂದಾ ಟೇಬಲ್ಲಿನಿಂದ ಹಿಂದೆ ಸರಿದಳು. ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ನಿಂತಳು.

ಕೋಣೆ ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮೇಲಿತ್ತು. ಕಿವಿ ಕೇಳದ ಮಕ್ಕಳಿಗೆಂದು ಒಂದು ಟ್ರಸ್ಟಿನವರು ತಿಂಗಳಿಗೊಮ್ಮೆ ಅದರ ಬಾಗಿಲು ತೆಗೆದು, ಕಸ ಹೊಡೆಸಿ, ಒಂದು ಟೇಬಲ್ಲು ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಅಗರಖೇಡದಿಂದ ಇಂಡಿಗೆ ಒಂದು ಬಸ್ಸು, ಇಂಡಿಯಿಂದ ಇಲ್ಲಿಗೆ ಮತ್ತೊಂದು. ಬಗಲಲ್ಲಿ ಮಗಳನ್ನೂ ಕೈಚೀಲದಲ್ಲಿ ಊಟಕ್ಕೆ ಕೂಡುವ ಕಟ್ಟಿಗೆಯ ಮಣೆಯನ್ನೂ ಹೊತ್ತುಕೊಂಡು ಸುನಂದಾ ಬಂದಿದ್ದಳು. ಮಣೆ ಯಾಕವ್ವಾ ಎಂದು ಬಸ್ಸಿನಲ್ಲಿ ಕೇಳಿದವರಿಗೆ ಅವಳು ಉತ್ತರ ಕೊಟ್ಟಿರಲಿಲ್ಲ. ನಗುವವರು ನಗಲಿ. ವಾಯರು ಹಚ್ಚುವಾಗ ಮಗಳ ಕಾಲ ಕೆಳಗೆ ಒಣ ಕಟ್ಟಿಗೆ ಇರಬೇಕು, ಅಷ್ಟೇ.

ನೀಲಾಂಬಿಕಾಳಿಗೆ ಐದು ತುಂಬಿತ್ತು. ಹುಟ್ಟಿನಿಂದ ಕಿವುಡಿ. ಹೋದ ವರ್ಷ ಆಪರೇಶನ್ ಮಾಡಿ ತಲೆಯೊಳಗೆ ಒಂದು ಸಣ್ಣ ಯಂತ್ರ ಕೂಡಿಸಿದ್ದರು. ಹೊರಗೆ, ಕಿವಿಯ ಹಿಂದೆ, ಅದರ ಜೋಡಿ ಮಶೀನು. ಆ ಮಶೀನಿನಿಂದ ಹೊರಟ ಎಳೆ ವಾಯರಿನ ತುದಿಯಲ್ಲಿ ರೂಪಾಯಿಯಗಲದ ಬಿಲ್ಲೆ. ಬಿಲ್ಲೆ ಅಯಸ್ಕಾಂತದಿಂದ ತಲೆಗೆ ಅಂಟುತ್ತದೆ. ಅಂಟಿದ್ದರೆ ಕೇಳಿಸುತ್ತದೆ, ಕಿತ್ತರೆ ಇಲ್ಲ. ಯಾವ ಸಪ್ಪಳ ಎಷ್ಟು ಜೋರಾಗಿ ಒಳಗೆ ಹೋಗಬೇಕೆಂದು ಆಗಾಗ ಲ್ಯಾಪ್‌ಟಾಪಿಗೆ ಹಚ್ಚಿ ಹೊಂದಿಸಬೇಕು. ಅದಕ್ಕೆ ಮ್ಯಾಪು ಅನ್ನುತ್ತಿದ್ದರು. ಆ ಮ್ಯಾಪು ಕೆಲವು ವಾರಗಳಿಂದ ಕೆಟ್ಟಿತ್ತು. ಬಿಲ್ಲೆ ಹಚ್ಚಿದ ಕೂಡಲೇ ಕೂಸು ಚಿಟ್ಟನೆ ಚೀರುವುದು, ಕಿತ್ತು ಒಗೆಯುವುದು. ಒಮ್ಮೆ ಒಲೆಯ ಬೂದಿಯೊಳಗೆ ಸಿಕ್ಕಿತು, ಒಮ್ಮೆ ಎಮ್ಮೆಯ ಕಾಲ ಬುಡದಲ್ಲಿ.

"ಸಾಕ ಮಾಡು," ಎಂದಿದ್ದಳು ಅತ್ತೆ ರುಕ್ಮವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ದೇವರು ಮುಚ್ಚಿದ ಕಿವಿ ನೀ ತೆರೀತೇನಂದ್ರ ಆಕ್ಕೈತೇನ? ಈ ಸಲ ಆಗಲಿಲ್ಲಂದ್ರ ಆ ಮಶೀನ ಟ್ರಂಕಿನ್ಯಾಗ ಇಡು. ಕೂಸಿನ ಜೀವಾ ತಿನಬ್ಯಾಡ." ಗಂಡ ಸಿದ್ದಾರೂಢ ಅಲ್ಲೇ ಕೂತು ಉಣ್ಣುತ್ತಿದ್ದ. ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಅವನು ಸುಮ್ಮನಿದ್ದಾನೆಂದರೆ ಅವ್ವನ ಮಾತಿಗೆ ಹೂಂ ಅಂದ ಹಾಗೆ, ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಸುಮೇಧಾ ಆಗಲೇ ನೀಲಾಳ ಮಶೀನು ಪರೀಕ್ಷೆ ಮಾಡಿ ಹೇಳಿದ್ದಳು: "ಹಳೇ ಮ್ಯಾಪು ಪೂರಾ ಕೆಟ್ಟದರಿ. ಅದನ್ನ ಅಳಿಸಿ ಹೊಸದ ಮಾಡಬೇಕು. ಇವತ್ತ ಮಾಡೂಣು. ಮಾತು ಕಲಿಯೋ ವಯಸ್ಸು ಇದ ನೋಡ್ರಿ. ಇದು ದಾಟಿತಂದ್ರ ಮುಂದ ಕೇಳಿಸಿದ್ರೂ ಮಾತು ಬರೂದಿಲ್ಲ."

ಸುಮೇಧಾ ಸಣ್ಣ ಡಬ್ಬಿಯನ್ನು ತೂತಿಗೆ ಸಿಗಿಸಿ ಚಾರ್ಜರ್ ಹಚ್ಚಿದಳು. ಸುನಂದಾ ಮಣೆಯನ್ನು ಕುರ್ಚಿಯ ಮುಂದೆ ನೆಲಕ್ಕಿಟ್ಟಳು. ಮಗಳನ್ನು ಕುರ್ಚಿಗೆ ಕೂಡಿಸಿ, ಎರಡೂ ಪಾದ ಮಣೆಯ ಮೇಲೆ ಬರುವಂತೆ ಸರಿಸಿದಳು. ಏಳುವಾಗ ಆಸರೆಗೆಂದು ಟೇಬಲ್ ಹಿಡಿದಳು ನೋಡಿ, ಮೊಣಕೈ ಲ್ಯಾಪ್‌ಟಾಪಿನ ಅಂಚಿಗೆ ತಾಗಿತು. ಜುಮ್ ಎಂದಿತು.

"ಯಪ್ಪಾ! ಕರೆಂಟು!"

ಮಗಳನ್ನು ಎತ್ತಿಕೊಂಡು ಬಾಗಿಲತನಕ ಹೋದದ್ದು ಅವಳಿಗೇ ಗೊತ್ತಾಗಲಿಲ್ಲ. ಎತ್ತುವ ರಭಸಕ್ಕೆ ಕುರ್ಚಿ ಅಡ್ಡ ಬಿತ್ತು. ಸುಮೇಧಾ ಎದ್ದು ನಿಂತು ಕೈ ಆಡಿಸಿದಳು. "ಅಂಜಬ್ಯಾಡ್ರಿ, ಅಂಜಬ್ಯಾಡ್ರಿ. ಇದರ ಮೈ ಲೋಹದ್ದದ. ಈ ಬಿಲ್ಡಿಂಗಿನ್ಯಾಗ ಅರ್ಥಿಂಗ್ ಸರಿ ಇಲ್ಲ. ಚಾರ್ಜರ್ ಹಚ್ಚಿದಾಗ ಒಂಚೂರು ಜುಮ್ ಅಂತದ. ಎಷ್ಟೋ ಕಡೆ ಹಿಂಗ ಆಗತದ. ಅದರಿಂದ ಏನೂ ಆಗೂದಿಲ್ಲ."

"ಏನೂ ಆಗೂದಿಲ್ಲ? ಹೊರಗಿನ ತಗಡಿಗೆ ಬಂದೈತಿ ಅಂದ ಮ್ಯಾಲ ಒಳಗ ತೂತಿನ್ಯಾಗ ಎಷ್ಟಿರಬಾರ್ದು? ಅದ ತೂತಿಗೆ ನನ್ನ ಮಗಳ ತಲಿ ಕಟ್ಟತೇನಂತೀರಲ್ಲ ನೀವು!"

ಹಾವು ಕಡಿಸಿಕೊಂಡವರಿಗೆ ಹಗ್ಗ ಕಂಡರೂ ಅಂಜಿಕೆ ಅನ್ನುತ್ತಾರೆ. ಸುನಂದಾಳನ್ನು ಕಡಿದ ಹಾವು ಯಾವುದೆಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಸುನಂದಾಳ ತವರು ಬಸವನ ಬಾಗೇವಾಡಿಯ ಕಡೆ. ಅವಳಿಗೆ ದುಂಡೇಶ ಎಂಬ ತಮ್ಮ ಇದ್ದ. ಬಲು ಚಲಾಕಿ, ನಗೆಗಾರ, ಯಾವುದಕ್ಕೂ ಎರಡು ಖರ್ಚು ಮಾಡುವವನಲ್ಲ. ಹೊಲದ ಬೋರಿನ ಮೋಟರಿಗೆ ಒಂದು ಕಡೆಯಿಂದ ಲೈನು ಬಂದಿತ್ತು. ಶೆಡ್ಡಿನ ಲೈಟಿಗೆ ಮಗ್ಗುಲ ಹೊಲದವರಿಂದ ಇನ್ನೊಂದು ವಾಯರು ಎಳೆದು ತಂದ. ತಂದವನು ಎರಡನ್ನೂ ಒಂದೇ ಡಬ್ಬಿಗೆ ಸೇರಿಸಿದ. "ಎರಡ ಡಬ್ಬಿ ಯಾಕಬೇ ಅಕ್ಕಾ, ಒಂದರಾಗ ಎಲ್ಲಾ ಕೂಡತೈತಿ," ಎಂದು ಅವಳಿಗೆ ತೋರಿಸಿ ನಕ್ಕಿದ್ದ. ಒಂದು ದಿನ ಮೋಟರು ಕೆಟ್ಟಿತು. ಮೋಟರಿನ ಫ್ಯೂಜು ಕಿತ್ತು ಜೇಬಿಗಿಟ್ಟುಕೊಂಡ, ಕರೆಂಟು ಹೋಯಿತೆಂದು ತಿಳಿದ, ಡಬ್ಬಿಯೊಳಗೆ ಕೈ ಹಾಕಿದ. ಲೈಟಿನ ವಾಯರು ಒಳಗೆ ಜೀವಂತ ಇತ್ತು.

ಬುತ್ತಿ ಒಯ್ದಿದ್ದ ಸುನಂದಾ ಶೆಡ್ಡಿನ ಬಾಗಿಲಲ್ಲೇ ಇದ್ದಳು. ಆಗ ನೀಲಾ ಹೊಟ್ಟೆಯಲ್ಲಿ. ತಮ್ಮ ಡಬ್ಬಿಗೆ ಅಂಟಿಕೊಂಡು ಅದುರುವುದನ್ನು ಕಂಡವಳು ಓಡಿ ಭುಜ ಹಿಡಿದಳು. ಅದು ಅವಳನ್ನು ಒದ್ದು ಕೆಸರಿಗೆ ಒಗೆಯಿತು. ಕಣ್ಣು ಬಿಟ್ಟಾಗ ದುಂಡೇಶ ಇರಲಿಲ್ಲ. ಮುಂದೆ ಹುಟ್ಟಿದ ಕೂಸು ತಟ್ಟೆ ಬಡಿದರೂ ಹೊರಳಿ ನೋಡದಿದ್ದಾಗ ಊರಿನ ಹೆಂಗಸರು ಒಬ್ಬರ ಕಿವಿಯಲ್ಲೊಬ್ಬರು ಪಿಸುಗುಟ್ಟಿದರು: ಬಸುರಿ ಹೆಂಗಸು ಕರೆಂಟು ಮುಟ್ಟಿದಳು, ಅದು ಒಳಗೆ ಹೋಗಿ ಕೂಸಿನ ಕಿವಿ ಸುಟ್ಟಿತು. ಹಾಗೇನೂ ಇಲ್ಲ, ಇದು ಬೇರೆ ಕಾರಣ ಎಂದು ಡಾಕ್ಟರು ಎಷ್ಟೋ ಸಲ ಹೇಳಿದರು. ಸುನಂದಾ ಹೌದ್ರಿ ಹೌದ್ರಿ ಅಂದಳು. ನಂಬಲಿಲ್ಲ. ಒಮ್ಮೆ ತನ್ನ ಕೈಯ ಮೂಲಕ ಹೋಗಿ ಮಗಳನ್ನು ಮುಟ್ಟಿದ್ದು ಮತ್ತೆ ಬರುತ್ತದೆಂದು ಅವಳು ಹಗಲೆಲ್ಲ ಕಾಯುತ್ತಿದ್ದಳು.

"ಗೋವಿಂದ ಸರ್ ಹಿಂಗ ಮಾಡ್ತಿರಲಿಲ್ಲ," ಎಂದಳು ಬಾಗಿಲಲ್ಲೇ ನಿಂತು. ಸುಮೇಧಾಳಿಗಿಂತ ಮೊದಲು ಇಲ್ಲಿಗೆ ಬರುತ್ತಿದ್ದವರು ಅವರು, ರಿಟೈರಾಗಿ ಹೋದರು. "ಅವರದು ಕರೇ ಲ್ಯಾಪ್‌ಟಾಪು, ಕಲ್ಲಿನಂಥಾದ್ದು. ಕರೆಂಟಿನ ತೂತು ಹಿಂದ, ನೀಲಾನ ವಾಯರಿನ ತೂತು ಬಲಕ್ಕ. ಕೂಸಿಗೆ ಹಚ್ಚೂಕಿಂತ ಮೊದಲ ಚಾರ್ಜರ್ ಕೀಳ್ತಿದ್ರು. 'ನೋಡವಾ ಸುನಂದಾ, ಕಿತ್ತೇನಿ' ಅಂತ ನನಗ ತೋರಿಸಿ ಆ ಗ್ವಾಡಿ ಮೊಳಿಗೆ ತೂಗ ಹಾಕ್ತಿದ್ರು." ಗೋಡೆಯ ಮೊಳೆ ಇನ್ನೂ ಅಲ್ಲೇ ಇತ್ತು.

ಸುಮೇಧಾಳ ಮುಖದ ನಗೆ ಇಳಿಯಿತು. "ಸರ್ ಮಾಡಿದ್ದ ಬರೋಬರಿ. ನೇಮ ಹಂಗ ಅದ. ಕೂಸಿಗೆ ಹಚ್ಚಿದಾಗ ಬ್ಯಾಟರಿ ಮ್ಯಾಲ ನಡಸಬೇಕು. ಆದ್ರ ಮುಂಜಾನಿಂದ ಇಲ್ಲಿ ಕರೆಂಟ್ ಎಲ್ಲಿತ್ತರಿ? ಈಗ ಬಂದದ. ಮೂರಕ್ಕ ಮತ್ತ ತಗೀತಾರಂತ, ಲೈನ್ ಕೆಲಸ ಅದಂತ. ಬ್ಯಾಟರಿ ಅರ್ಧಾನೂ ಇಲ್ಲ. ಡಬ್ಬಿಗೂ ಕೂಸಿನ ವಾಯರಿಗೂ ನಡುವ ಈ ದೊಡ್ಡ ಪೆಟ್ಟಿಗಿ ಅದಲ್ಲ, ಇದು ಕರೆಂಟ್ ಆ ಕಡೆ ಹೋಗಗೊಡೂದಿಲ್ಲ."

"ಖಾತ್ರಿ ಐತೇನ್ರಿ?"

ಹುಡುಗಿಯ ಕಣ್ಣು ಸಣ್ಣ ಡಬ್ಬಿಯ ಕಡೆ ಹೋಯಿತು. ಅಷ್ಟೇ ಸಾಕಾಯಿತು. "ಪೆಟ್ಟಿಗಿದು ಖಾತ್ರಿ ಅದ," ಎಂದಳು ಆಮೇಲೆ. "ಈ ಸಣ್ಣ ಡಬ್ಬಿ ಟ್ರಸ್ಟಿನವರು ಕೊಟ್ಟದ್ದಲ್ಲ. ಅವರು ಕೊಟ್ಟದ್ದು ಬಸ್ಸಿನ್ಯಾಗ ಒತ್ತಿ ಮುರೀತು. ಇದು ನಿನ್ನಿ ಮೊಬೈಲ್ ಅಂಗಡಿಯೊಳಗ ತಗೊಂಡದ್ದು." ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ, ಪಾಪ. ಅದರಿಂದ ಸುನಂದಾಳ ಅಂಜಿಕೆ ಕಡಿಮೆಯಾಯಿತೆಂದಲ್ಲ, ಹೆಚ್ಚೇ ಆಯಿತು.

"ಹಂಗಾದ್ರ ಕೀಳ್ರಿ ಅದನ್ನ. ಗ್ವಾಡಿಯಿಂದನೂ ಕೀಳ್ರಿ. ಕಿತ್ತು ನನ್ನ ಕೈಯಾಗ ಕೊಡ್ರಿ."

ಸುಮೇಧಾ ವಾದ ಮಾಡಲಿಲ್ಲ. ಚಾರ್ಜರನ್ನು ಗೋಡೆಯಿಂದಲೂ ಡಬ್ಬಿಯಿಂದಲೂ ಕಿತ್ತು, ವಾಯರು ಸುತ್ತಿ ಕೊಟ್ಟಳು. ಸುನಂದಾ ಬಿದ್ದ ಕುರ್ಚಿಯನ್ನು ಎತ್ತಿಟ್ಟು, ಮಗಳನ್ನು ಮತ್ತೆ ಕೂಡಿಸಿ, ಮಣೆಯ ಮೇಲೆ ಕಾಲು ಇಡಿಸಿದಳು. ಬೆರಳ ತುದಿಯಿಂದ ಲ್ಯಾಪ್‌ಟಾಪನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು. ಚಾರ್ಜರನ್ನು ಉಡಿಯಲ್ಲಿಟ್ಟುಕೊಂಡು, ಯಾರೋ ಕಸಿದುಕೊಳ್ಳುತ್ತಾರೆ ಅನ್ನುವ ಹಾಗೆ ಅದರ ಮೇಲೆ ಎರಡೂ ಕೈಯಿಟ್ಟು ಮಗಳೆದುರು ಕೂತಳು.

ನೀಲಾಳಿಗೆ ಮಾತು ತಿಳಿಯದಿದ್ದರೇನಂತೆ, ಮುಖ ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅಜ್ಜಿ ಸಿಟ್ಟಾಗುವ ಮೊದಲೇ ಅಟ್ಟದ ಮೂಲೆ ಸೇರುತ್ತಿದ್ದಳು. ಈಗ ಅವಳ ಕಣ್ಣು ಅವ್ವನ ಮುಖದ ಮೇಲೇ ಇತ್ತು. ಸುನಂದಾ ತುಟಿ ಬಿರಿದು ನಗೆ ತಂದುಕೊಂಡಳು. ಸುಮೇಧಾ ಮಶೀನಿಗೆ ವಾಯರು ಸಿಗಿಸಿ ಮೆಲ್ಲಗೆ ಬಿಲ್ಲೆ ಹಚ್ಚಿದಳು. ಕೂಸಿನ ಕೈ ತಟ್ಟನೆ ತಲೆಗೆ ಹೋಯಿತು. ಅವ್ವ ನಗುತ್ತಿದ್ದಳು. ಕೈ ಕೆಳಗಿಳಿಯಿತು.

"ಹೊರಗಿನ ಸಪ್ಪಳಾ ಎಲ್ಲಾ ಈಗ ಬಂದ್ ಅದ," ಎಂದಳು ಸುಮೇಧಾ ತಗ್ಗಿದ ದನಿಯಲ್ಲಿ. "ನಾ ಇಲ್ಲಿಂದ ಒಂದೊಂದ ಸಪ್ಪಳಾ ಕಳಸ್ತೀನಿ. ಕೇಳಿಸಿದ ಕೂಡ್ಲೆ ಆಕಿ ಒಂದು ಗೋಲಿ ಈ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಕು. ಮೊದಲ ಆಡ್ಯಾಳಲ್ಲ?"

ಆಡಿದ್ದಳು. ಆದರೆ ಮರೆತಿರಬೇಕೆಂದು ಇಬ್ಬರೂ ತಿಳಿದಿದ್ದರು. ಬಹಳ ಹೊತ್ತು ಗೋಲಿ ಹಿಡಿದ ಕೈ ಗಾಳಿಯಲ್ಲೇ ಇತ್ತು. ಆಮೇಲೆ ಕೂಸು ಹುಬ್ಬು ಏರಿಸಿತು. ಗೋಲಿ ಡಬ್ಬಿಯೊಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿತ್ತು. ಚೀರಲಿಲ್ಲ, ಕೀಳಲಿಲ್ಲ. ಸುಮೇಧಾ ಒಂದು ಸಪ್ಪಳ ಮುಗಿಸಿ ಮುಂದಿನದಕ್ಕೆ ಹೋದಳು, ಅಲ್ಲಿಂದ ಮುಂದಿನದಕ್ಕೆ. ಸುನಂದಾ ಉಸಿರು ಬಿಡಲೂ ಅಂಜಿ ಕೂತಿದ್ದಳು. ಎಷ್ಟೋ ವಾರದ ಮೇಲೆ ಮಗಳ ತಲೆಯ ಮೇಲೆ ಬಿಲ್ಲೆ ಇಷ್ಟು ಹೊತ್ತು ನಿಂತಿತ್ತು. ನೋಡು, ನೋಡು ಎಂದು ಓಡಿ ಹೋಗಿ ಅತ್ತೆಯನ್ನು ಎಳೆದು ತರಬೇಕೆನಿಸಿತು.

ಆಗಲೇ ಸುಮೇಧಾಳ ಮುಖ ಬದಲಾಯಿತು. ತೆರೆಯ ಮೂಲೆಯಲ್ಲಿ ಏನೋ ಕೆಂಪಗೆ ಮೂಡಿತ್ತು.

"ಏನಾತ್ರಿ?"

"ಬ್ಯಾಟರಿ. ಇಷ್ಟು ಲಗೂನ ಇಳೀತದಂತ ತಿಳಿದಿರಲಿಲ್ಲ."

"ಇಳದ್ರ ಏನಾಕ್ಕೈತಿ?"

ಸುಮೇಧಾ ಕೂಸಿನ ಕಡೆಗೆ ನಗುತ್ತಲೇ ಇದ್ದಳು. ಹೇಳಿದ ಮಾತು ಮಾತ್ರ ನಗೆಯದಾಗಿರಲಿಲ್ಲ. "ಹಳೇ ಮ್ಯಾಪು ಅಳಿಸೀನಿ. ಹೊಸದು ಮುಗಿದಿಲ್ಲ, ಇನ್ನೂ ಅರ್ಧ ಅದ. ಎಲ್ಲಾ ಮುಗದ ಮ್ಯಾಲ ಅದು ಕೂಸಿನ ಮಶೀನಿಗೆ ಹೋಗೂದು. ಈಗ ಇದು ಆರಿತಂದ್ರ ಆಕಿ ಮಶೀನಿನ್ಯಾಗ ಏನೂ ಇರೂದಿಲ್ಲ. ಖಾಲಿ. ನಾ ಇನ್ನ ಬರೂದು ಮುಂದಿನ ತಿಂಗಳಾ."

"ಬಿಲ್ಲಿ ತಗೀರಿ. ಆ ಕಡೆ ಇಟ್ಟು ಚಾರ್ಜ್ ಮಾಡ್ರಿ, ತುಂಬಿದ ಮ್ಯಾಲ ಹಚ್ರಿ."

"ಮೂರಕ್ಕ ಕರೆಂಟ್ ಹೋಗತದಲ್ಲರಿ, ಅಷ್ಟರಾಗ ಎಲ್ಲಿ ತುಂಬತದ? ಮತ್ತ ಒಮ್ಮೆ ತಗದ್ರ ತಿರುಗಿ ಹಚ್ಚಗೊಡತಾಳೇನು ಈಕಿ? ಇವತ್ತ ಕೂತಾಳ. ಮುಂದಿನ ತಿಂಗಳಾ ಕೂಡ್ತಾಳೋ ಇಲ್ಲೋ ನನಗಂತೂ ಗೊತ್ತಿಲ್ಲ." ಅವಳು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ನಾ ನಿಮಗ ಒತ್ತಾಯ ಮಾಡೂದಿಲ್ಲ ಅಕ್ಕಾರ. ನೀವು ಹೂಂ ಅಂದ್ರ ಬಿಲ್ಲೆ ಹಂಗ ಇಟ್ಟು ಚಾರ್ಜರ್ ಹಚ್ಚತೀನಿ. ಇಲ್ಲಂದ್ರ ಇಲ್ಲಿಗೇ ಬಿಡೂಣು."

ಅತ್ತ ದರಿ, ಇತ್ತ ಪುಲಿ ಅಂದರೆ ಇದೇ. ಮುಂದಿನ ತಿಂಗಳು ಎಂಬುದು ಇಲ್ಲವೆಂದು ಸುನಂದಾಳಿಗೆ ಗೊತ್ತಿತ್ತು. ಖಾಲಿ ಮಶೀನು ಹೊತ್ತುಕೊಂಡು ಮನೆಗೆ ಹೋದರೆ ಟ್ರಂಕು ಕಾಯುತ್ತಿತ್ತು. ಟ್ರಂಕಿನ ಮುಚ್ಚಳ ಒಮ್ಮೆ ಬಿದ್ದರೆ ಅದನ್ನು ತೆಗೆಯುವ ಕೈ ಆ ಮನೆಯಲ್ಲಿ ಇರಲಿಲ್ಲ, ತನ್ನದೂ ಸೇರಿ. ನೀಲಾ ಹಾಗೇ ಬೆಳೆಯುತ್ತಾಳೆ, ಎಲ್ಲರ ಮುಖ ನೋಡುತ್ತ, ಮೂಲೆ ಸೇರುತ್ತ. ಇನ್ನೊಂದು ಕಡೆ ಆ ತೂತು. ಉಗುರಿನಷ್ಟು ತೂತು. ಗೋಡೆಯ ಕರೆಂಟೂ ಮಗಳ ತಲೆಯೂ ಅದರೊಳಗೆ ಒಂದಕ್ಕೊಂದು ತಾಗಿ ಕೂಡಬೇಕು. ತಮ್ಮನ ಭುಜ ಅಂಗೈಯಲ್ಲಿ ಅದುರಿತು. ಕೂಸು ನೋಡುತ್ತಿದೆ, ಅಳಬಾರದು, ಅಳಬಾರದು ಎಂದುಕೊಂಡಳು.

ತಮ್ಮ ಸತ್ತ ದಿನ ಲೈನ್‌ಮನ್ ಸಂಗಣ್ಣ ಬಂದು ಡಬ್ಬಿ ಬಿಚ್ಚಿ ನೋಡಿದ್ದ. ಅವಳು ಕೇಳಿದ್ದಳು, ಅವನ ಕಾಲಾಗ ಚಪ್ಪಲಿ ಇದ್ರ ಬದಕ್ತಿದ್ನೇನ್ರಿ ಅಂತ. ಸಂಗಣ್ಣ ತಲೆ ಕೆಳಗೆ ಹಾಕಿ ಹೇಳಿದ್ದ: "ಕರೆಂಟು ನೆಲಾ ಹುಡುಕ್ಕೋತ ಹೊಂಟಿರತೈತಿ ತಂಗಿ. ಹಸಿ ನೆಲದಾಗ ಬರಿಗಾಲಲೆ ಯಾರ ನಿಂತಿರತಾರೋ ಅವರೊಳಗಿಂದ ಇಳದು ಹೋಗತೈತಿ. ಒಣಾ ಕಟಗಿ ಮ್ಯಾಲ ಇದ್ದವರನ್ನ ಬಿಟ್ಟು ಅವರನ್ನ ಹಿಡೀತೈತಿ."

ಸುನಂದಾ ಎದ್ದಳು. ಚಪ್ಪಲಿ ಕಾಲಿನಿಂದ ಕಳಚಿ ಹಿಂದಕ್ಕೆ ಸರಿಸಿದಳು. ಚೀಲದಿಂದ ನೀರಿನ ಬಾಟಲಿ ತೆಗೆದು, ಬೂಚು ತಿರುವಿ, ತಾನು ನಿಂತ ಕಡೆ ನೆಲಕ್ಕೆ ಸುರಿದಳು. ನೀರು ಪಾದದ ಸುತ್ತ ಹರಡಿ ಗೋಡೆಯ ಕಡೆಗೆ ಓಡಿತು. ಮಣೆಯ ಕಡೆ ಬಾರದಂತೆ ಹೆಬ್ಬೆರಳಿನಿಂದ ಅದನ್ನು ಆಚೆ ತಿರುಗಿಸಿದಳು.

"ಅಕ್ಕಾರ, ಏನ್ ಮಾಡ್ಲಿಕ್ಕತ್ತೀರಿ?"

"ತಗೋರಿ," ಎಂದು ಚಾರ್ಜರನ್ನು ಟೇಬಲ್ಲಿನ ಮೇಲಿಟ್ಟಳು. "ಹಚ್ರಿ."

"ನೆಲಾ ಯಾಕ ತೋಯಿಸಿದ್ರಿ? ಬ್ಯಾಡ್ರಿ, ಚಪ್ಪಲ್ ಹಾಕ್ಕೋರಿ—"

"ನೀವು ಹಚ್ರಿ ಮೇಡಮ್ಮಾರ. ಬರೂದಿದ್ರ ನನ್ನ ಮ್ಯಾಲಿಂದ ಹಾದು ಹೋಗಲಿ. ಕೂಸಿನ ಕಡೆ ಹೋಗೂದು ಬ್ಯಾಡ." ಹೀಗೆಂದವಳೇ ಬಲ ಅಂಗೈಯನ್ನು ಲ್ಯಾಪ್‌ಟಾಪಿನ ಬೆನ್ನಿಗೆ ಹಚ್ಚಿ ಒತ್ತಿ ಹಿಡಿದಳು.

ಸುಮೇಧಾ ಅವಳ ಮುಖವನ್ನೇ ನೋಡಿದಳು. ಹಾಗೆಲ್ಲ ಇಲ್ಲ, ಅದು ಜೀವ ತೆಗೆಯುವಂಥದ್ದಲ್ಲ ಎಂದು ತಿಳಿಸಿ ಹೇಳಲು ಬಾಯಿ ತೆಗೆದಳು, ತೆರೆಯ ಮೂಲೆಯ ಕೆಂಪು ಕಂಡು ಬಾಯಿ ಮುಚ್ಚಿದಳು. ಚಾರ್ಜರನ್ನು ಡಬ್ಬಿಗೂ ಗೋಡೆಗೂ ಹಚ್ಚಿ ಗುಂಡಿ ಒತ್ತಿದಳು.

ಬಂತು. ಮೊದಲು ಅಂಗೈಯಲ್ಲಿ ಜುಮ್ ಎಂದಿತು, ಆಮೇಲೆ ಕಟ್ಟಿರುವೆಯ ಸಾಲು ಹತ್ತಿದ ಹಾಗೆ ಮೊಣಕೈಗೆ ಏರಿತು. ಹಸಿ ಪಾದದ ಬುಡದಲ್ಲಿ ಏನೋ ಚಿಮ್ಮಿದಂತಾಯಿತು. ಮೈಯ ಒಂದೊಂದು ಕೂದಲೂ ಓಡು, ಓಡು ಅನ್ನುತ್ತಿತ್ತು. ಯಾರೂ ಅವಳನ್ನು ಹಿಡಿದಿರಲಿಲ್ಲ, ಕೈ ತೆಗೆದರೆ ಮುಗಿಯಿತು. ಅದೇ ಕಷ್ಟ. ತಮ್ಮನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ, ಇವಳು ಬಿಡಿಸಿಕೊಳ್ಳಬಾರದಿತ್ತು. ಬರಲಿ, ಇನ್ನೂ ಬರಲಿ, ಎಲ್ಲಾ ಇಲ್ಲಿಂದಲೇ ಇಳಿಯಲಿ ಎಂದು ಒಳಗೊಳಗೇ ಹಲ್ಲು ಕಚ್ಚಿದಳು.

ಹೊರಗೆ ನಗಬೇಕಾಗಿತ್ತು. ನೀಲಾಳ ಕಣ್ಣು ಅವ್ವನ ಮುಖ ಬಿಟ್ಟು ಅತ್ತಿತ್ತ ಹೋಗಿರಲಿಲ್ಲ. ಗೋಲಿ ಹಿಡಿದ ಕೈ ನಿಂತುಬಿಟ್ಟಿತ್ತು. ಇನ್ನೊಂದು ಕೈ ಮೆಲ್ಲಗೆ ತಲೆಯ ಕಡೆಗೆ ಏರುತ್ತಿತ್ತು. ಸುನಂದಾ ಹುಬ್ಬು ಹಾರಿಸಿದಳು, ನಾಲಿಗೆ ಚಾಚಿದಳು, ಗಲ್ಲ ಉಬ್ಬಿಸಿ ಮಂಗನ ಮುಖ ಮಾಡಿದಳು. ಕಣ್ಣಿನಿಂದ ನೀರು ಇಳಿದು ಉಬ್ಬಿದ ಗಲ್ಲದ ಮೇಲೆ ಹರಿಯಿತು. ಕೂಸಿಗೆ ಅದೂ ಆಟದ ಒಂದು ಭಾಗ ಅನಿಸಿತೋ ಏನೋ, ಕಿಸಕ್ಕನೆ ನಕ್ಕಿತು. ಗೋಲಿ ಡಬ್ಬಿಗೆ ಬಿತ್ತು.

"ಹಾಂ, ಹಿಂಗ," ಎಂದಳು ಸುಮೇಧಾ. "ಹಿಂಗ ಇರ್ರಿ ಅಕ್ಕಾರ. ಸ್ವಲ್ಪ ಅದ."

ಆ ಸ್ವಲ್ಪ ಎಷ್ಟು ಉದ್ದವಿತ್ತೆಂದು ಯಾರು ಹೇಳಬೇಕು? ಗೋಲಿ ಬೀಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ಕೆಳಗಿನ ಗೊಬ್ಬರದಂಗಡಿಯಲ್ಲಿ ಹಮಾಲರು ಚೀಲ ಒಗೆಯುವ ದಡ್ ದಡ್ ಸದ್ದು ಕೇಳುತ್ತಿತ್ತು. ಒಂದು ಸಲ ನೀಲಾ ಮಣೆಯಿಂದ ಕಾಲು ಕೆಳಗಿಳಿಸಲು ಹೋದಳು. ಸುನಂದಾಳ ಜೀವ ಬಾಯಿಗೆ ಬಂತು. ಎಡಗೈಯಿಂದ ಆ ಪುಟ್ಟ ಕಾಲು ಹಿಡಿದು ಮೇಲಿಡಬೇಕೆಂದು ಬಗ್ಗಿದವಳು ಅರ್ಧಕ್ಕೇ ನಿಂತಳು. ಈಗ ಮುಟ್ಟಿದರೆ ತನ್ನ ಮೈಯಿಂದಲೇ ಹೋಗುತ್ತದೆ, ಅವತ್ತು ಹೋದ ಹಾಗೆ. ಬಾಯಿಂದ ಊಫ್ ಎಂದು ಮಗಳ ಪಾದಕ್ಕೆ ಗಾಳಿ ಊದಿದಳು. ಕಚಗುಳಿಯಾಗಿ ಕೂಸು ಕಾಲು ಮೇಲಕ್ಕೆ ಎಳೆದುಕೊಂಡಿತು.

"ಮುಗೀತು," ಎಂದಳು ಸುಮೇಧಾ. "ಮಶೀನಿಗೆ ಹೋತು, ಪೂರಾ ಹೋತು." ಅವಳು ಚಾರ್ಜರನ್ನು ಗೋಡೆಯಿಂದ ಕಿತ್ತಳು, ಡಬ್ಬಿಯಿಂದ ಕಿತ್ತಳು, ಆಮೇಲೆ ತೂತಿನಿಂದ ಡಬ್ಬಿಯನ್ನೇ ಎಳೆದು ಮೂರನ್ನೂ ಎತ್ತಿ ಹಿಡಿದು ತೋರಿಸಿದಳು. "ನೋಡ್ರಿ, ಕಿತ್ತೀನಿ. ಇನ್ನ ಕೈ ತಗೀರಿ."

ಕೈ ಬರಲಿಲ್ಲ. ಬಿಡಬೇಕೆಂದು ಸುನಂದಾ ಹೇಳಿದರೂ ಅವಳ ಕೈ ಕೇಳಲಿಲ್ಲ. ಜುಮ್ ಅನ್ನುವುದು ನಿಂತಿತ್ತು, ಆದರೂ ಮೈ ನಿಂತಿರಲಿಲ್ಲ. ಇಷ್ಟು ಹೊತ್ತು ಒಳಗೆ ಅದುಮಿ ಹಿಡಿದದ್ದೆಲ್ಲ ಈಗ ಭುಜದಿಂದ ಬೆರಳತನಕ ಗಡಗಡ ನಡುಗುತ್ತಿತ್ತು.

"ಇರ್ಲಿ, ಹಂಗ ಇರ್ರಿ, ಸುಧಾರಿಸ್ಕೋರಿ," ಎಂದು ಸುಮೇಧಾ ಬಿಲ್ಲೆ ಬಿಡಿಸಿ, ವಾಯರು ಕಿತ್ತು, ನೀಲಾಳ ಕಿವಿಯ ಹಿಂದಿನ ಮಶೀನಿಗೆ ಅದರ ಬ್ಯಾಟರಿ ಕೂಡಿಸಿದಳು. "ಈಗ ಹೊರಗಿನ ಸಪ್ಪಳಾ ಬಿಡ್ತೀನಿ. ಯಾರೂ ಮಾತಾಡೂದು ಬ್ಯಾಡ. ಒಮ್ಮೆಲೆ ಜೋರ ಕೇಳಿದ್ರ ಅಂಜತಾಳ." ಬಿಲ್ಲೆ ಮತ್ತೆ ತಲೆಗೆ ಅಂಟಿತು. ಸಣ್ಣ ಹಸಿರು ದೀಪ ಮಿನುಗಿತು.

ಕೆಳಗಿನ ಹಮಾಲರೂ ಆಗ ಸುಮ್ಮನಿದ್ದರು. ಕೋಣೆಯಲ್ಲಿ ಒಂದೇ ಒಂದು ಸದ್ದು ಉಳಿದಿತ್ತು. ನಡುಗುವ ಕೈಯ ಗಾಜಿನ ಬಳೆಗಳು ಲ್ಯಾಪ್‌ಟಾಪಿನ ತಗಡಿಗೆ ಬಡಿದು ಕಿಣಿಕಿಣಿ ಅನ್ನುತ್ತಿದ್ದವು, ಬಹಳ ಸಣ್ಣಗೆ, ಬಿಡದೆ. ಸುನಂದಾಳಾಗಲಿ ಸುಮೇಧಾಳಾಗಲಿ ಅದನ್ನು ಗಮನಿಸಿರಲಿಲ್ಲ.

ನೀಲಾ ತಲೆ ಓರೆ ಮಾಡಿದಳು. ಈ ಸಲ ಅವಳು ಅವ್ವನ ಮುಖ ನೋಡಲಿಲ್ಲ. ಕತ್ತು ಇತ್ತ ತಿರುಗಿಸಿ, ಅತ್ತ ತಿರುಗಿಸಿ, ಕೊನೆಗೆ ಲ್ಯಾಪ್‌ಟಾಪಿನ ಮೇಲಿದ್ದ ಅವ್ವನ ಕೈಯಲ್ಲಿ ಕಣ್ಣು ನೆಟ್ಟಳು. ಮುಂದಕ್ಕೆ ಬಗ್ಗಿ ತನ್ನ ಅಂಗೈಯನ್ನು ಬಳೆಗಳ ಮೇಲೆ ಇಟ್ಟಳು. ಸದ್ದು ನಿಂತಿತು. ಅಂಗೈ ಎತ್ತಿದಳು. ಸದ್ದು ಬಂತು. ಮತ್ತೆ ಇಟ್ಟಳು, ಕಾದಳು, ಮತ್ತೆ ಎತ್ತಿದಳು.